ಬಿಸಿಲೂರಿನ ಸೆಂಟು ಪ್ರಿಯರಿಗೆ: ಕೊಳ್ಳುವುದು, ಮೂಸುವುದು, ಅಭಿಪ್ರಾಯ ಹೇಳುವುದು, ಹಂಚಿಕೊಳ್ಳುವುದು

‘ಎಂಟು ತಾಸು ಗ್ಯಾರಂಟಿ’ ಎಂದು ಯಾರೋ ಹೇಳಿದ್ದನ್ನು ನಂಬಿ ಆರು ಸಾವಿರದ ಬಾಟಲಿ ತರಿಸಿಕೊಳ್ಳುವುದು, ಏಪ್ರಿಲ್ ಮಧ್ಯಾಹ್ನ ಅದು ಒಂದೂವರೆ ತಾಸಿಗೆ ಹಾರಿಹೋದಾಗ ಕಂಪನಿಯನ್ನು ಬೈಯುವುದು: ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇದು ದಿನಾ ಕೇಳುವ ಕತೆ. ಹೇಳಿದವನೂ ಸುಳ್ಳು ಹೇಳಿರಲಿಕ್ಕಿಲ್ಲ. ಅವನು ಎ.ಸಿ. ಆಫೀಸಿನಲ್ಲಿ 22 ಡಿಗ್ರಿಯಲ್ಲಿ ಕೂತಿದ್ದ. ನೀವು 41 ಡಿಗ್ರಿಯಲ್ಲಿ ಬೈಕ್ ಹತ್ತಿದಿರಿ. 20 ಡಿಗ್ರಿಗೆ ಹೋಲಿಸಿದರೆ 40 ಡಿಗ್ರಿಯಲ್ಲಿ ಆಲ್ಕೋಹಾಲಿನ ಆವಿಯ ಒತ್ತಡ ಸುಮಾರು ಮೂರು ಪಟ್ಟು. ನಿಂಬೆ, ಕಿತ್ತಳೆ, ಬರ್ಗಮಾಟ್‌ನಂಥ ಹಗುರ ಕಂಪುಗಳೂ ಹಾಗೆಯೇ ಬೇಗ ಏಳುತ್ತವೆ, ಬೇಗ ಮುಗಿಯುತ್ತವೆ. ಹಾಗಾಗಿ ಈ ಸೀಮೆಯ ಸೆಂಟು ಪ್ರಿಯರು ಎರಡು ಅಭ್ಯಾಸ ಮಾಡಿಕೊಳ್ಳಬೇಕು: ಸ್ವಲ್ಪವೇ ಕೊಂಡು ನಮ್ಮದೇ ಬಿಸಿಲಿನಲ್ಲಿ ಪರೀಕ್ಷಿಸುವುದು, ಅಭಿಪ್ರಾಯ ಹೇಳುವಾಗ ಹವೆ, ಹೊತ್ತು, ಅಳತೆ ಸಮೇತ ಹೇಳುವುದು.

ಹಂತ 1: ಬಾಟಲಿಯ ಮೇಲಿನ ಅಕ್ಷರ

ಒಂದೇ ಹೆಸರಿನಡಿ ಮೂರು ನಾಲ್ಕು ಬಾಟಲಿ ಬರುತ್ತವೆ. ಓ ದ ಕೊಲೋನ್ ಎಂದರೆ ಸುಗಂಧದ ಎಣ್ಣೆ ಶೇ 2ರಿಂದ 5ರಷ್ಟು, ಓ ದ ತ್ವಾಲೆತ್, ಅಂದರೆ ಎಲ್ಲರೂ ಇಡಿಟಿ ಎನ್ನುವುದು, ಶೇ 5ರಿಂದ 15, ಓ ದ ಪರ್ಫಮ್, ಅಂದರೆ ಇಡಿಪಿ, ಶೇ 15ರಿಂದ 20, ಪರ್ಫಮ್ ಅಥವಾ ಎಕ್ಸ್‌ಟ್ರೇ ಅದಕ್ಕೂ ಮೇಲೆ. ಇವು ರೂಢಿಯ ಲೆಕ್ಕ, ಕಾನೂನಿನ ಲೆಕ್ಕವಲ್ಲ. ಕಂಪನಿಯಿಂದ ಕಂಪನಿಗೆ ಹೆಚ್ಚುಕಡಿಮೆ ಆಗುತ್ತದೆ. ಇಡಿಪಿ ಎಂದರೆ ಅದೇ ಇಡಿಟಿಯ ಗಟ್ಟಿ ರೂಪ ಎಂದು ತಿಳಿಯುವುದು ದೊಡ್ಡ ತಪ್ಪು. ಎಷ್ಟೋ ಸಲ ಮಿಶ್ರಣವೇ ಬೇರೆ ಇರುತ್ತದೆ: ಇಡಿಪಿಯಲ್ಲಿ ವೆನಿಲ್ಲಾ, ಅದರಂತೆಯೇ ಸಿಹಿ ವಾಸನೆಯ ಟೊಂಕಾ ಬೀಜ ಸೇರಿ ಸಿಹಿ ಹೆಚ್ಚಿರುತ್ತದೆ, ಆ ಸಿಹಿಯೇ ಮೇ ತಿಂಗಳಲ್ಲಿ ತಲೆನೋವು ತರುತ್ತದೆ. ಡಿಯೋರ್ ಕಂಪನಿಯ ಹೆಸರಾಂತ ಸೆಂಟಿನ ಬಗ್ಗೆ ‘ಸಾವಾಜ್ ಬೆಂಕಿ ಐತಿ’ ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದದ್ದು ಯಾವ ಸಾವಾಜ್ ಎಂದು. 2015ರಲ್ಲಿ ಬಂದ ಇಡಿಟಿಯ ಅನುಭವಕ್ಕೂ ಆಮೇಲೆ ಬಂದ ಇಡಿಪಿ, ಪರ್ಫಮ್‌ಗಳ ಅನುಭವಕ್ಕೂ ಬಹಳ ವ್ಯತ್ಯಾಸ.

ಹಂತ 2: ಮೂಗಿಗೆ ಗುರುತು ಮಾಡಿಸುವುದು

ಹೊಸದಾಗಿ ಶುರು ಮಾಡುವವರು ಬಾಟಲಿ ಕೊಳ್ಳುವ ಮೊದಲು ನಾಲ್ಕೈದು ಜಾತಿಯ ಕಂಪುಗಳನ್ನು ಗುರುತು ಹಿಡಿಯಬೇಕು. ಅದಕ್ಕೆ ಎಲ್ಲರಿಗೂ ಗೊತ್ತಿರುವ ಹಳೆಯ ಹೆಸರುಗಳೇ ಒಳ್ಳೆಯವು. 1988ರ ಡೇವಿಡಾಫ್ ಕೂಲ್ ವಾಟರ್‌ನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ ಬಂದ ತಾಜಾತನ ಸಿಗುತ್ತದೆ. ಡೈಹೈಡ್ರೋಮರ್ಸಿನಾಲ್ ಎಂಬ ವಸ್ತುವಿನ ಕೆಲಸ ಅದು. 1996ರ ಆಕ್ವಾ ದಿ ಜಿಯೊ ಸಮುದ್ರದ ನೀರಿನ ಜಾತಿ. 2006ರ ಟೆರ್ ದೆರ್ಮೆಸ್‌ನಲ್ಲಿ ಕಿತ್ತಳೆ ಸಿಪ್ಪೆ ಮತ್ತು ಲಾಮಂಚ. ಸಾವಾಜ್ ಇಡಿಟಿಯಲ್ಲಿ ಬರ್ಗಮಾಟ್, ಮೆಣಸು, ಕೆಳಗೆ ಆಂಬ್ರಾಕ್ಸಾನ್ ಎಂಬ, ಅಂಬರಿನ ವಾಸನೆಯ ರಾಸಾಯನಿಕ. 1959ರಿಂದ ಬರುತ್ತಿರುವ ಗೆರ್ಲಾನ್ ವೆಟಿವರ್ ಪೂರ್ತಿ ಲಾಮಂಚ. ಬೇಸಿಗೆಯಲ್ಲಿ ಕೂಲರಿನ ಲಾಮಂಚದ ತಟ್ಟಿಗೆ ನೀರು ಬಿಟ್ಟಾಗ ಬರುವ ತಂಪು ವಾಸನೆ ಬಲ್ಲವರಿಗೆ ಅದು ಹೊಸದೇನಲ್ಲ.

ಇವನ್ನೆಲ್ಲ ಕೊಳ್ಳಬೇಕಿಲ್ಲ. ಒಂದೊಂದರ 2 ಮಿಲಿ ಸಾಕು. ಒಂದು ಸಲ ಒತ್ತಿದರೆ ಸಾಮಾನ್ಯವಾಗಿ 0.1 ಮಿಲಿ ಬರುತ್ತದೆ. ಅಂದರೆ 2 ಮಿಲಿಯಲ್ಲಿ 20 ಒತ್ತು, ದಿನಕ್ಕೆ ನಾಲ್ಕರಂತೆ ಐದು ದಿನ. ಅದರಲ್ಲಿ ಒಂದು ದಿನ ಬಿಸಿಲಿಗೆ, ಒಂದು ದಿನ ಕೂಲರ್ ಅಥವಾ ಎ.ಸಿ. ಕೋಣೆಗೆ, ಒಂದು ಸಂಜೆಗೆ ಮೀಸಲಿಡಿ. ಆಮೇಲೂ ಮನಸ್ಸಿದ್ದರೆ 10 ಮಿಲಿ ಕೊಳ್ಳಿ, ಅದು 100 ಒತ್ತು. ಅದು ಖಾಲಿಯಾಗುವ ಹೊತ್ತಿಗೂ ಬೇಸರ ಬಾರದಿದ್ದರೆ ಮಾತ್ರ ಬಾಟಲಿ. ಇಷ್ಟು ತಾಳ್ಮೆ ಇಲ್ಲದವರ ಅಲ್ಮೇರಾದಲ್ಲಿ ಮುಕ್ಕಾಲು ತುಂಬಿದ ಹತ್ತು ಬಾಟಲಿ ಧೂಳು ಹಿಡಿಯುತ್ತಿರುತ್ತವೆ.

ಹಂತ 3: ಪರೀಕ್ಷೆ

ಅಂಗಡಿಯಲ್ಲಿ ಒಂದೇ ಸಲಕ್ಕೆ ಮೂರಕ್ಕಿಂತ ಹೆಚ್ಚು ಮೂಸಬೇಡಿ. ಕಾಗದದ ಪಟ್ಟಿಗೆ ಒಂದು ಒತ್ತು ಹಾಕಿ ಅರ್ಧ ನಿಮಿಷ ಬಿಡಿ. ಹಸಿ ಇರುವಾಗಲೇ ಮೂಗಿಗೆ ಹಿಡಿದರೆ ಆಲ್ಕೋಹಾಲಿನ ಘಾಟು ಬಿಟ್ಟು ಬೇರೇನೂ ಸಿಗದು. ಪಟ್ಟಿಯ ಮೇಲೆ ಹೆಸರು ಬರೆಯಿರಿ, ಆದರೆ ಎಲ್ಲವನ್ನೂ ಒಟ್ಟಿಗೆ ಜೇಬಿಗೆ ಹಾಕಬೇಡಿ, ಒಂದರ ವಾಸನೆ ಇನ್ನೊಂದಕ್ಕೆ ಹತ್ತುತ್ತದೆ. ಬೇರೆ ಬೇರೆ ಪುಟ್ಟ ಕವರಿನಲ್ಲಿಡಿ. ಕೌಂಟರಿನ ಮೇಲೆ ಕಾಫಿ ಬೀಜದ ಬಟ್ಟಲು ಇಟ್ಟಿರುತ್ತಾರೆ. ಅದರಿಂದ ಮೂಗು ಹೊಸದಾಗುವುದಿಲ್ಲ, ಮತ್ತೊಂದು ಗಟ್ಟಿ ವಾಸನೆ ಸೇರುತ್ತದೆ ಅಷ್ಟೆ. ಹೊರಗೆ ಬಂದು ಐದು ನಿಮಿಷ ನಿಲ್ಲುವುದೇ ವಾಸಿ.

ಪಟ್ಟಿಯ ಮೇಲೆ ಗೆದ್ದದ್ದನ್ನು ಮೈಮೇಲೆ ನೋಡಬೇಕು. ಒಂದು ಕೈಗೆ ಒಂದೇ ಸೆಂಟು, ಮೊಣಕೈ ಒಳಮಡಿಕೆಯಲ್ಲಿ ಎರಡು ಒತ್ತು. ಮಣಿಕಟ್ಟು ಬೇಡ, ಕೈ ತೊಳೆಯುವುದು, ಬೈಕ್ ಹಿಡಿಕೆ, ಗಡಿಯಾರದ ಬೆಲ್ಟು ಎಲ್ಲವೂ ಅದನ್ನು ಕೆಡಿಸುತ್ತವೆ. ಹಚ್ಚಿದ ಮೇಲೆ ತಿಕ್ಕಬೇಡಿ, ತಿಕ್ಕಿದರೆ ಚರ್ಮ ಬಿಸಿಯಾಗಿ ಮೇಲಿನ ಹಗುರ ಕಂಪು ಇನ್ನೂ ಬೇಗ ಹೋಗುತ್ತದೆ. ಆ ದಿನ ಗಂಧದ ಸೋಪು, ಘಮದ ಎಣ್ಣೆ, ಪೌಡರ್ ಯಾವುದೂ ಇರಬಾರದು. ನಮ್ಮ ಒಣ ಹವೆಯಲ್ಲಿ ಚರ್ಮ ಬಿರುಸಾಗಿರುತ್ತದೆ, ಒಣ ಚರ್ಮದ ಮೇಲೆ ಸೆಂಟು ನಿಲ್ಲುವುದಿಲ್ಲ. ಹಚ್ಚುವ ಮೊದಲು ವಾಸನೆ ಇಲ್ಲದ ವ್ಯಾಸಲೀನನ್ನು ಅಕ್ಕಿ ಕಾಳಿನಷ್ಟು ಸವರಿ. ಕೊಬ್ಬರಿ ಎಣ್ಣೆ ತನ್ನದೇ ವಾಸನೆ ಸೇರಿಸುವುದರಿಂದ ಪರೀಕ್ಷೆಗೆ ಒದಗುವುದಿಲ್ಲ.

ಆಮೇಲೆ ಹೊತ್ತು ಬರೆದುಕೊಂಡು ಮೂಸಿ: 10 ನಿಮಿಷಕ್ಕೆ, 1 ತಾಸಿಗೆ, 3 ತಾಸಿಗೆ, 6 ತಾಸಿಗೆ. ನಡುವೆ ಪದೇ ಪದೇ ಮೂಸುತ್ತಿದ್ದರೆ ಮೂಗು ಅದಕ್ಕೆ ಒಗ್ಗಿ ‘ಹೋಗೇ ಬಿಡ್ತು’ ಅನಿಸುತ್ತದೆ. ಮನೆಯವರನ್ನೋ ಗೆಳೆಯನನ್ನೋ ಕೇಳಿ: ‘ವಾಸನಿ ಇನ್ನೂ ಬರ್ತದೇನು? ಎಷ್ಟು ದೂರದಿಂದ?’ ಮೂರು ದೂರ ಗುರುತಿಟ್ಟುಕೊಂಡರೆ ಸಾಕು: ಚರ್ಮಕ್ಕೆ ಮೂಗು ತಾಗಿಸಿದರೆ ಮಾತ್ರ, ಒಂದು ಮೊಳದಿಂದ, ಪಕ್ಕದ ಕುರ್ಚಿಯಿಂದ. ಕೆಲವರ ಮೂಗಿಗೆ ಕೆಲವು ಕಸ್ತೂರಿ ಜಾತಿಯ ರಾಸಾಯನಿಕಗಳಾಗಲಿ ಆಂಬ್ರಾಕ್ಸಾನ್ ಆಗಲಿ ಹುಟ್ಟಿನಿಂದಲೇ ಹತ್ತುವುದಿಲ್ಲ. ನಿಮಗೆ ನೀರಿನಂತೆ ಕಂಡದ್ದು ಎದುರಿನವರಿಗೆ ತಲೆ ತಿರುಗಿಸುವಷ್ಟು ಇರಬಹುದು. ಹಾಗಾಗಿ ಇನ್ನೊಬ್ಬರನ್ನು ಕೇಳದೆ ‘ದಮ್ ಇಲ್ಲ’ ಎಂದು ತೀರ್ಪು ಕೊಡಬಾರದು, ಒತ್ತು ಹೆಚ್ಚಿಸಲೂ ಬಾರದು. ಸಿರುಗುಪ್ಪಕ್ಕೆ ಹೋಗುವ ತುಂಬಿದ ಬಸ್ಸಿನಲ್ಲಿ ಪಕ್ಕ ಕೂತವರ ಪಾಡು ನೆನೆಸಿಕೊಳ್ಳಿ. ಬೇಸಿಗೆಗೆ ಇಡಿಟಿ ಮೂರು ನಾಲ್ಕು ಒತ್ತು, ಇಡಿಪಿ ಎರಡು, ಊದು (ಅಗರು), ಟೊಂಕಾ, ವೆನಿಲ್ಲಾ ಇರುವಂಥವು ಒಂದು. ಅವನ್ನು ಜನವರಿಯ ಕೊಪ್ಪಳದ ಗವಿಮಠದ ಜಾತ್ರೆಯ ಸಂಜೆಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕುತ್ತಿಗೆಗೆ ಹಾಕಿ ನೇರ ಬಿಸಿಲಿಗೆ ಹೋಗುವ ರೂಢಿ ಬಿಡಿ. ಶುದ್ಧಗೊಳಿಸದ ಬರ್ಗಮಾಟ್, ನಿಂಬೆ ಎಣ್ಣೆಗಳಲ್ಲಿ ಬರ್ಗಾಪ್ಟೆನ್ ಎಂಬ ವಸ್ತು ಇರುತ್ತದೆ, ಬಿಸಿಲು ತಾಗಿದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ದೊಡ್ಡ ಕಂಪನಿಗಳು ಅದನ್ನು ತೆಗೆದ ಎಣ್ಣೆ ಬಳಸುತ್ತವೆ, ಬಿಡಿಯಾಗಿ ಮಾರುವ ಎಣ್ಣೆಗಳ ಬಗ್ಗೆ ಹಾಗೆ ಹೇಳಲಾಗದು. ಹಗಲಿಗೆ ಹತ್ತಿಯ ಬನಿಯನ್ ಮೇಲೆ ಒಂದು ಮೊಳ ದೂರದಿಂದ ಒತ್ತಿ, ಒಣಗಿದ ಮೇಲೆ ಅಂಗಿ ಹಾಕಿಕೊಳ್ಳಿ. ಬಿಳಿ ಅಂಗಿ, ಪಂಚೆಗೆ ಎಣ್ಣೆಯ ಅತ್ತರು ಹಚ್ಚಿದರೆ ಕಲೆ ಖಾಯಂ.

ಹಂತ 4: ಅತ್ತರಿನಂಗಡಿಯಲ್ಲಿ

ರಾಯಚೂರು, ಕೊಪ್ಪಳ ಎರಡೂ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಸೀಮೆಗಳು. ಇಲ್ಲಿ ಅತ್ತರು ಫ್ಯಾಷನ್ ಆಗಿ ಬಂದದ್ದಲ್ಲ, ರಂಜಾನ್ ಬಂತೆಂದರೆ ಬಜಾರಿನಲ್ಲಿ ಅದರದೇ ಸಾಲು. ಹಳೆಯ ತೂಕ ತೊಲ, ಈಗ 12 ಮಿಲಿ. ಅರ್ಧ ತೊಲ 6 ಮಿಲಿ, ಕಾಲು ತೊಲ 3 ಮಿಲಿ. ಮೊದಲ ಸಲ ಕಾಲು ತೊಲ ಮೀರಬೇಡಿ.

ಉತ್ತರ ಪ್ರದೇಶದ ಕನೌಜಿನಲ್ಲಿ ದೇಗ್ ಎಂಬ ತಾಮ್ರದ ಹಂಡೆಯಲ್ಲಿ ಹೂವು ಬೇಯಿಸಿ, ಆವಿಯನ್ನು ಭಪ್ಕಾ ಎಂಬ ಪಾತ್ರೆಯಲ್ಲಿರುವ ಗಂಧದ ಎಣ್ಣೆಗೆ ಇಳಿಸುವುದು ಅಸಲಿ ಕ್ರಮ. ಗಂಧದ ಎಣ್ಣೆ ದುಬಾರಿಯಾದ ಮೇಲೆ ಬಹುಪಾಲು ಅತ್ತರುಗಳಲ್ಲಿ ಪ್ಯಾರಾಫಿನ್ ಅಥವಾ ಇತರ ದ್ರಾವಕಗಳು ಸೇರಿಕೊಂಡವು. ಅಸಲಿ ರೂಹ್ ಗುಲಾಬಿಗೆ, ಅಂದರೆ ಬೇರೇನೂ ಬೆರೆಸದ ಗುಲಾಬಿ ಎಣ್ಣೆಗೆ, ಕಿಲೋಗೆ ಲಕ್ಷಗಳ ಬೆಲೆ ಇರುವಾಗ 100 ರೂಪಾಯಿಗೆ ಅರ್ಧ ತೊಲ ಗುಲಾಬಿ ಸಿಕ್ಕರೆ ಅದು ಏನೆಂದು ಯೋಚಿಸಬೇಕಾಗಿಲ್ಲ. ಜಗಳ ಬೇಡ, ನೇರ ಕೇಳಿ: ‘ಭಾಯ್, ಇದು ಗಂಧದ ಎಣ್ಣಿ ಮ್ಯಾಲಿಂದಾ ಅಥವಾ ಕಂಪೌಂಡಾ?’ ಬಹಳಷ್ಟು ಅಂಗಡಿಯವರು ಇದಕ್ಕೆ ನಿಜವನ್ನೇ ಹೇಳುತ್ತಾರೆ. ಕಂಪೌಂಡ್, ಅಂದರೆ ರಾಸಾಯನಿಕ ಕಂಪು ಬೆರೆಸಿ ಕೂಡಿಸಿದ್ದು, ಕೆಟ್ಟದ್ದೇನಲ್ಲ, ಕಂಪೌಂಡಿನ ಬೆಲೆಗೆ ಕೊಂಡರೆ ಆಯಿತು. ಬೇಸಿಗೆಗೆ ಖಸ್ (ಲಾಮಂಚ), ಮಿಟ್ಟಿ (ಮಣ್ಣಿನ ವಾಸನೆಯದು). ಚಳಿಗೆ ಹಿನಾ, ಶಮಾಮಾದಂಥ ಮಸಾಲೆ ಬೆರೆತ ಗಟ್ಟಿ ಅತ್ತರು. ಖಸ್ ಅತ್ತರಿನ ಒಂದು ಬೊಟ್ಟು ಕಿವಿಯ ಹಿಂದೆ ಹಚ್ಚಿದರೆ 42 ಡಿಗ್ರಿಯಲ್ಲೂ ಅರ್ಧ ದಿನ ತಡೆಯುತ್ತದೆ. ಹಾರಿಹೋಗಲು ಅದರಲ್ಲಿ ಆಲ್ಕೋಹಾಲ್ ಇಲ್ಲ, ಲಾಮಂಚವೂ ಭಾರವಾದ ಕಂಪು. ಈ ಸೀಮೆಗೆ ಇದಕ್ಕಿಂತ ಒಗ್ಗುವ ಸುಗಂಧ ಇನ್ನೊಂದಿಲ್ಲ ಎನ್ನಲು ಅಡ್ಡಿಯಿಲ್ಲ.

ಹಂತ 5: ನಕಲಿ ತಪ್ಪಿಸುವುದು

ಆಮದು ಬಾಟಲಿಯ ಡಬ್ಬದ ಮೇಲೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಪತ್ರದ ಸಂಖ್ಯೆ, ತೆರಿಗೆ ಸೇರಿದ ಎಂಆರ್‌ಪಿ, ತಿಂಗಳು ವರ್ಷ, ಎಷ್ಟು ಮಿಲಿ ಎಂಬುದೆಲ್ಲ ಇರುವ ಚೀಟಿ ಇರಲೇಬೇಕು. ಚೀಟಿ ಇಲ್ಲದ್ದು ಕಡ್ಡಾಯವಾಗಿ ನಕಲಿ ಎಂದೇನಿಲ್ಲ, ದುಬೈಯಿಂದ ಯಾರೋ ಚೀಲದಲ್ಲಿ ತಂದದ್ದಿರಬಹುದು. ಆದರೆ ಕೆಟ್ಟರೆ ಕೇಳಲು ಯಾರೂ ಇಲ್ಲ. ಡಬ್ಬದ ತಳದ ಬ್ಯಾಚ್ ಸಂಖ್ಯೆ ಬಾಟಲಿಯ ತಳದ್ದಕ್ಕೆ ಹೊಂದಬೇಕು. ಹೊಂದದಿದ್ದರೆ ಬಿಟ್ಟುಬಿಡಿ; ಹೊಂದಿತೆಂದು ಪೂರ್ತಿ ನಂಬಲೂ ಬೇಡಿ, ಸಂಖ್ಯೆಯನ್ನೂ ನಕಲು ಮಾಡುತ್ತಾರೆ. ಒತ್ತಿದಾಗ ಮಂಜಿನಂತೆ ಹರಡದೆ ಪಿಚಕಾರಿಯಂತೆ ಗೆರೆಯಾಗಿ ಬರುವುದು, ಮುಚ್ಚಳ ಅಲುಗಾಡುವುದು, ಒಳಗಿನ ಕೊಳವೆ ತಳಕ್ಕಿಂತ ಉದ್ದವಾಗಿ ಮಡಚಿಕೊಂಡಿರುವುದು ಅನುಮಾನದ ಗುರುತುಗಳು. ಬಾಟಲಿ ಕುಲುಕಿ ಗುಳ್ಳೆ ಎಣಿಸುವ ಪರೀಕ್ಷೆಗೆ ಅರ್ಥವಿಲ್ಲ.

ಆನ್‌ಲೈನ್ ಪಾರ್ಸಲ್ ಬಿಚ್ಚುವುದನ್ನು ಕಡಿತವಿಲ್ಲದೆ ವಿಡಿಯೊ ಮಾಡಿ, ಬಿಲ್ ಇಟ್ಟುಕೊಳ್ಳಿ. ಸೀಲು ಒಡೆದ ಸೆಂಟನ್ನು ಸಾಮಾನ್ಯವಾಗಿ ವಾಪಸ್ ಪಡೆಯುವುದಿಲ್ಲ. ನಕಲಿ ಎಂದು ಖಚಿತವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಹಂತ 6: ಅಭಿಪ್ರಾಯ ಬರೆಯುವುದು

‘ಸೂಪರ್’, ‘ಬೆಂಕಿ’, ‘ವೇಸ್ಟ್’ ಈ ಮೂರನ್ನು ಓದಿ ಯಾರೂ ಏನನ್ನೂ ಕೊಳ್ಳಲಾರರು. ಅಭಿಪ್ರಾಯದಲ್ಲಿ ಇರಬೇಕಾದದ್ದು ಇಷ್ಟು: ಪೂರ್ತಿ ಹೆಸರು ಮತ್ತು ಇಡಿಟಿಯೋ ಇಡಿಪಿಯೋ, ಬ್ಯಾಚ್ ಸಂಖ್ಯೆ, ಎಷ್ಟು ಒತ್ತು, ಮೈಮೇಲೋ ಬಟ್ಟೆ ಮೇಲೋ, ಆ ದಿನದ ಉಷ್ಣಾಂಶ, ಹೊರಗಿದ್ದಿರೋ ಒಳಗೋ, ಯಾವ ತಾಸಿಗೆ ಹೇಗಿತ್ತು. ಬ್ಯಾಚ್ ಯಾಕೆ ಎಂದರೆ ಮಿಶ್ರಣ ಕಾಲಕಾಲಕ್ಕೆ ಬದಲಾಗುತ್ತದೆ. ಲಿಲಿಯಾಲ್ ಎಂಬ ಸುಗಂಧ ವಸ್ತುವನ್ನು ಯುರೋಪಿಯನ್ ಒಕ್ಕೂಟ 2022ರ ಮಾರ್ಚ್‌ನಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದ ಮೇಲೆ ಅದಿದ್ದ ಸೆಂಟುಗಳನ್ನು ಹೊಸದಾಗಿ ಕೂಡಿಸಬೇಕಾಯಿತು. 2018ರ ಬಾಟಲಿ ಇರುವವರೂ ಹೋದ ವರ್ಷದ್ದು ಇರುವವರೂ ಒಂದೇ ಹೆಸರಿಗೆ ವಾದಿಸುತ್ತಿರುವಾಗ ಇಬ್ಬರೂ ಸರಿ ಇರಬಹುದು.

ವಾಸನೆಯನ್ನು ಹೇಳುವಾಗ ಡಬ್ಬದ ಮೇಲಿನ ಪಟ್ಟಿ ನಕಲು ಮಾಡಬೇಡಿ. ‘ಕ್ಯಾಲಬ್ರಿಯನ್ ಬರ್ಗಮಾಟ್’ ಎಂದರೆ ಗಂಗಾವತಿಯ ಓದುಗನಿಗೆ ಏನೂ ಗೊತ್ತಾಗದು. ಗಜನಿಂಬೆಯ ಸಿಪ್ಪೆ ಹಿಂಡಿದಂತೆ, ಜಜ್ಜಿದ ಹಸಿ ಏಲಕ್ಕಿ, ದವನದ ಕಟ್ಟು, ಹಡಗಲಿ ಮಲ್ಲಿಗೆ ಬಾಡಿದ ಮಾರನೆಯ ಬೆಳಗಿನ ವಾಸನೆ, ಲೋಬಾನದ ಹೊಗೆ, ಹೊಸ ಜೀನ್ಸ್ ಬಟ್ಟೆ (ಜೀನ್ಸ್ ಹೊಲಿಯುವ ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ), ಮೊದಲ ಮಳೆಗೆ ಎರೆಹೊಲ: ಇವು ಓದಿದವನ ಮೂಗಿಗೆ ನೇರ ಮುಟ್ಟುತ್ತವೆ. ಮಾದರಿಗೆ ಒಂದು:

‘ಲಾಮಂಚದ ಇಡಿಟಿ. ಬನಿಯನ್ ಮೇಲೆ ಮೂರು, ಎದೆಗೆ ಒಂದು ಒತ್ತು. ಮೇ ತಿಂಗಳು, ಹೊರಗೆ 41 ಡಿಗ್ರಿ, ಬೆಳಿಗ್ಗೆ 9ಕ್ಕೆ ಹಚ್ಚಿದ್ದು. ಮೊದಲ ಇಪ್ಪತ್ತು ನಿಮಿಷ ಕಿತ್ತಳೆ ಸಿಪ್ಪೆ, ಸ್ವಲ್ಪ ಕಹಿ. 10 ಗಂಟೆಗೆ ಕಿತ್ತಳೆ ಪೂರ್ತಿ ಹೋಗಿ ಒಣ ಬೇರಿನ ವಾಸನೆ, ಒಂದು ಮೊಳದಿಂದ ಗೊತ್ತಾಗುತ್ತಿತ್ತು. 12ಕ್ಕೆ ಮೈಮೇಲೆ ಇಲ್ಲ, ಬನಿಯನ್ ಮೇಲೆ ಸಂಜೆಯವರೆಗೆ ಇತ್ತು. ಬೆವರಿನ ಜೊತೆ ಕಮಟು ಆಗಲಿಲ್ಲ. 10 ಮಿಲಿ ಕೊಳ್ಳಬಹುದು.’

ಬೆವರಿನ ಜೊತೆ ಏನಾಗುತ್ತದೆ ಎಂಬ ಸಾಲನ್ನು ಹೆಚ್ಚಿನವರು ಬರೆಯುವುದೇ ಇಲ್ಲ, ನಮ್ಮ ಕಡೆಯವರಿಗೆ ಬೇಕಾದದ್ದು ಅದೇ. ಪುಕ್ಕಟೆ ಸಿಕ್ಕ ಬಾಟಲಿಯಾದರೆ ಅದನ್ನೂ ಹೇಳಿ. ಹೆಸರಾಂತ ಸೆಂಟಿನ ಹೋಲಿಕೆಗೆ ಮಾಡಿದ್ದಾದರೆ, ಅಸಲಿಯನ್ನು ಮೂಸದೆ ‘ಶೇ 95 ಹಾಗೇ ಇದೆ’ ಎಂದು ಅಂಕ ಕೊಡಬೇಡಿ.

ಹಂತ 7: ಬಾಟಲಿ ಹಂಚಿಕೊಳ್ಳುವುದು

ಗೆಳೆಯರು ಸೇರಿ ಒಂದು ಬಾಟಲಿ ತರಿಸಿ ಮಿಲಿ ಲೆಕ್ಕದಲ್ಲಿ ಪಾಲು ಮಾಡಿಕೊಳ್ಳುವುದು ಜೇಬಿಗೆ ಹಗುರ. 100 ಮಿಲಿಯಲ್ಲಿ ಸುಮಾರು 4 ಮಿಲಿ ಸುರಿಯುವಾಗ, ಕೊಳವೆಯಲ್ಲಿ, ಆವಿಯಾಗಿ ಹೋಗುತ್ತದೆ ಎಂದು ಮೊದಲೇ ಎಲ್ಲರಿಗೂ ಹೇಳಿ. ಬಾಟಲಿಗೆ 6,240 ರೂಪಾಯಿ ಬಿದ್ದಿದೆ ಎನ್ನಿ. ಅದನ್ನು 96ರಿಂದ ಭಾಗಿಸಿದರೆ ಮಿಲಿಗೆ 65. ಎಂಟು ಮಂದಿಗೆ 10 ಮಿಲಿಯಂತೆ 650, ಗಾಜಿನ ಸಣ್ಣ ಬಾಟಲಿಯ ಬೆಲೆ 45 ಆದರೆ ಒಟ್ಟು 695. ಉಳಿದ 16 ಮಿಲಿ, 1,040 ರೂಪಾಯಿಯ ಪಾಲು, ತರಿಸಿದವನಿಗೆ ಮೂಲ ಬಾಟಲಿಯಲ್ಲೇ ಉಳಿಯುತ್ತದೆ. ದುಡ್ಡು ಮೊದಲು, ಆರ್ಡರ್ ಆಮೇಲೆ. ಗೆಳೆತನ ಉಳಿಯಬೇಕೆಂದರೆ ಈ ಕ್ರಮ ಬಿಡಬಾರದು. ಲಾಭಕ್ಕೆ ಹೀಗೆ ಬಿಡಿಸಿ ಮಾರುವುದು ಬೇರೆಯೇ ವಿಷಯ, ಅದಕ್ಕೆ ಲೈಸೆನ್ಸ್ ಬೇಕು.

ಬೆಳಿಗ್ಗೆ ತಂಪಿನಲ್ಲಿ, ಫ್ಯಾನ್ ನಿಲ್ಲಿಸಿ, ಒಲೆ, ದೀಪ, ಊದುಬತ್ತಿ ಇಲ್ಲದ ಕೋಣೆಯಲ್ಲಿ ಕೂತು ಮಾಡಿ. ಸೆಂಟಿನ ಆವಿ 20 ಡಿಗ್ರಿಯ ಆಸುಪಾಸಿನಲ್ಲೇ ಕಿಡಿಗೆ ಹೊತ್ತಿಕೊಳ್ಳಬಲ್ಲದು, ನಮ್ಮಲ್ಲಿ ವರ್ಷದ ಬಹುಪಾಲು ಅದಕ್ಕಿಂತ ಬಿಸಿ. ಬೇಕಾದದ್ದು: ಗಾಜಿನ 10 ಮಿಲಿ ಸ್ಪ್ರೇ ಬಾಟಲಿಗಳು, 10 ಮಿಲಿ ಸಿರಿಂಜ್, ಮೊಂಡು ಸೂಜಿ, ಪ್ಲಂಬರ್ ಬಳಸುವ ಟೆಫ್ಲಾನ್ ಟೇಪ್. ಪ್ಲಾಸ್ಟಿಕ್ ಬಾಟಲಿ ಬೇಡ, ಕೆಲವು ಬಗೆಯವು ಆಲ್ಕೋಹಾಲಿಗೆ ಬಿರುಕು ಬಿಟ್ಟು ಸೋರುತ್ತವೆ. ಸಿರಿಂಜಿನ ರಬ್ಬರು ವಾಸನೆ ಹೀರಿಕೊಳ್ಳುವುದರಿಂದ ಒಂದು ಸೆಂಟಿಗೆ ಒಂದು ಸಿರಿಂಜ್.

ಬಹುತೇಕ ಬಾಟಲಿಗಳ ಸ್ಪ್ರೇ ತಲೆಯನ್ನು ಲೋಹದ ಪಟ್ಟಿಯಿಂದ ಒತ್ತಿ ಕೂರಿಸಿರುತ್ತಾರೆ. ಇಕ್ಕಳ ಹಾಕಿ ಕೀಳಬೇಡಿ, ಗಾಜಿನ ಕುತ್ತಿಗೆ ಸೀಳುತ್ತದೆ. ಮೇಲಿನ ಗುಂಡಿಯನ್ನಷ್ಟೇ ಎಳೆದು ತೆಗೆದು, ಹೊರಬಂದ ಸಣ್ಣ ಕೊಳವೆಗೆ ವರ್ಗಾವಣೆಯ ಪಂಪ್ ಸಿಕ್ಕಿಸಿ ತುಂಬಿ. ಪಂಪ್ ಇಲ್ಲದಿದ್ದರೆ ಸಣ್ಣ ಬಾಟಲಿಯ ಬಾಯಿಗೆ ಹಿಡಿದು ಒತ್ತಿ. ತಿರುಪಿನ ತಲೆ ಇದ್ದರೆ ಮಾತ್ರ ಸಿರಿಂಜ್. ಕುತ್ತಿಗೆಯವರೆಗೆ ತುಂಬಬೇಡಿ. ಬೆಳಿಗ್ಗೆ 25 ಡಿಗ್ರಿಯಲ್ಲಿ ತುಂಬಿದ 10 ಮಿಲಿ ಮಧ್ಯಾಹ್ನ ಬೈಕಿನ ಡಿಕ್ಕಿಯಲ್ಲಿ 45 ಡಿಗ್ರಿ ತಲುಪಿದರೆ 0.2 ಮಿಲಿಯಷ್ಟು ಹಿಗ್ಗುತ್ತದೆ, ಒಳಗಿನ ಗಾಳಿಯೂ ಒತ್ತುತ್ತದೆ, ತಿರುಪಿನಿಂದ ಜಿನುಗುತ್ತದೆ. ಬಾಯಿಯವರೆಗೆ 11–12 ಮಿಲಿ ಹಿಡಿಯುವ ಬಾಟಲಿ ಆರಿಸಿ, ತಿರುಪಿಗೆ ಟೇಪ್ ಎರಡು ಸುತ್ತು ಹಾಕಿ ಮುಚ್ಚಿ, ಕಾಗದದ ಮೇಲೆ ಒಂದು ರಾತ್ರಿ ಮಲಗಿಸಿಟ್ಟು ನೋಡಿ. ಚೀಟಿಯ ಮೇಲೆ ಹೆಸರು, ಬಗೆ, ಬ್ಯಾಚ್, ತಾರೀಖು ಬರೆದು ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ಇಲ್ಲವೆಂದರೆ ಒಂದು ಹನಿ ತಾಗಿದರೂ ಪೆನ್ನಿನ ಶಾಯಿ ಕರಗಿ ಯಾವುದು ಯಾವುದೆಂದು ಗೊತ್ತಾಗದು.

ಅಂಚೆಯಲ್ಲಿ ಕಳಿಸಬೇಡಿ, ಹೊತ್ತಿಕೊಳ್ಳುವ ವಸ್ತುಗಳಿಗೆ ಅಲ್ಲಿ ಅವಕಾಶವಿಲ್ಲ. ಸೆಂಟು ಎಂದು ಹೇಳಿದ ಮೇಲೂ ರಸ್ತೆ ಮಾರ್ಗದಲ್ಲಿ ಒಯ್ಯುವ ಕೊರಿಯರ್ ಸಿಕ್ಕರೆ ಸರಿ, ಇಲ್ಲವಾದರೆ ಊರಿಗೆ ಬರುವವರ ಕೈಯಲ್ಲಿ ಕಳಿಸುವುದೇ ಮೇಲು.

ಹಂತ 8: ಬಳಸಿದ ಬಾಟಲಿ ಕೊಡುವುದು, ಕೊಳ್ಳುವುದು

ಎಷ್ಟು ಉಳಿದಿದೆ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಜಗಳ ಖಾತ್ರಿ. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. ಬಾಟಲಿ ತೂಗಿ, 20 ಸಲ ಒತ್ತಿ, ಮತ್ತೆ ತೂಗಿ. ವ್ಯತ್ಯಾಸ 1.7 ಗ್ರಾಂ ಬಂದರೆ, ಸೆಂಟಿನ ಸಾಂದ್ರತೆ ಸುಮಾರು 0.85 ಎಂದು ಹಿಡಿದು, 2 ಮಿಲಿ. ಒಂದು ಒತ್ತಿಗೆ 0.1. ಹೊಸ ಬಾಟಲಿ ಬಂದ ದಿನವೇ ತೂಗಿ ಡಬ್ಬದೊಳಗೆ ಬರೆದಿಟ್ಟರೆ ಮುಂದೆ ಯಾವಾಗ ಬೇಕಾದರೂ ಉಳಿದದ್ದನ್ನು ಲೆಕ್ಕ ಹಾಕಬಹುದು.

ಗುರುತಿಲ್ಲದವರಿಂದ ಕೊಳ್ಳುವಾಗ ಬಾಟಲಿಯ ಪಕ್ಕ ಆ ದಿನದ ತಾರೀಖು ಕೈಯಲ್ಲಿ ಬರೆದ ಚೀಟಿ ಇಟ್ಟ ಫೋಟೊ, ಬೆಳಕಿಗೆ ಹಿಡಿದು ಮಟ್ಟ ಕಾಣುವ ಫೋಟೊ, ತಳದ ಬ್ಯಾಚ್ ಫೋಟೊ ಕೇಳಿ. ‘ಅಣ್ಣಾ, ಒಂದು ಚೀಟಿ ಇಟ್ಟು ಫೋಟೊ ಕಳಸ್ರಿ’ ಎಂದರೆ ಸಿಟ್ಟಾಗುವವರ ಹತ್ತಿರ ವ್ಯವಹಾರವೇ ಬೇಡ. ಸಾಧ್ಯವಿದ್ದಲ್ಲಿ ಬಸ್ ಸ್ಟ್ಯಾಂಡ್, ಸ್ಟೇಷನ್ನಿನಂಥ ಜನ ಓಡಾಡುವ ಜಾಗದಲ್ಲಿ ಭೇಟಿಯಾಗಿ, ಮೂಸಿ ನೋಡಿ, ಆಮೇಲೆ ಯುಪಿಐ ಮಾಡಿ. ಖಾಲಿ ಬಾಟಲಿ, ಡಬ್ಬ ಕೇಳಿಕೊಂಡು ಬರುವವರಿಗೆ ಮಾರಬೇಡಿ, ನಕಲಿ ತುಂಬಲು ಬೇಕಾದದ್ದು ಅದೇ.

ಹಂತ 9: ಇಡುವ ಜಾಗ

ಬಿಸಿ, ಬೆಳಕು, ಗಾಳಿ ಮೂರೂ ಸೆಂಟನ್ನು ಕೆಡಿಸುತ್ತವೆ. ಮೊದಲು ಹೋಗುವುದು ನಿಂಬೆ ಜಾತಿ: ಹುಳಿ, ಲೋಹದಂಥ ವಾಸನೆ ಬಂದು ಬಣ್ಣ ಗಾಢವಾಗುತ್ತದೆ. ತಗಡಿನ ಮಾಡು, ಪಶ್ಚಿಮದ ಗೋಡೆಗೆ ತಾಗಿದ ಅಲ್ಮೇರಾ, ಬಾತ್‌ರೂಮು, ಕಾರಿನ ಡ್ಯಾಶ್‌ಬೋರ್ಡ್ ಬೇಡವೇ ಬೇಡ. ಕೊಪ್ಪಳದ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆ ಇನ್ನೂ ಉಳಿಸಿಕೊಂಡವರು ಪುಣ್ಯವಂತರು, ನಡುಮನೆಯ ಟ್ರಂಕಿನಲ್ಲಿ ಡಬ್ಬ ಸಮೇತ ಇಟ್ಟರೆ ಆಯಿತು. ಆರ್‌ಸಿಸಿ ಮನೆಯವರು ಒಳಗೋಡೆಯ ಕಪಾಟಿನ ಕೆಳಗಿನ ಅರೆ ಆರಿಸಿಕೊಳ್ಳಿ, ಬಿಸಿ ಮೇಲೆ ಸೇರುತ್ತದೆ. ಫ್ರಿಜ್ಜಿನಲ್ಲಿ ಇಡಬಹುದು, ಆದರೆ ಬಾಗಿಲಿನ ಅರೆಯಲ್ಲಿ ಬೇಡ. ಪದೇ ಪದೇ ತೆರೆಯುವುದರಿಂದ, ಕರೆಂಟ್ ಹೋಗಿ ಬರುವುದರಿಂದ ಅಲ್ಲಿ ಉಷ್ಣಾಂಶ ಏರಿಳಿಯುತ್ತಿರುತ್ತದೆ. ಹಂಚಿಕೊಂಡ ಸಣ್ಣ ಬಾಟಲಿಗಳಲ್ಲಿ ಗಾಳಿಯ ಪಾಲು ಹೆಚ್ಚು, ಅವನ್ನು ಒಂದು ವರ್ಷದೊಳಗೆ ಮುಗಿಸಿ. ಮೇ ತಿಂಗಳಲ್ಲಿ ಬಂದ ಪಾರ್ಸಲ್ ವ್ಯಾನಿನಲ್ಲಿ ಕಾದಿರುತ್ತದೆ. ಬಿಚ್ಚಿದ ಕೂಡಲೇ ಒತ್ತದೆ, ಒಂದು ರಾತ್ರಿ ತಣ್ಣಗಾಗಲು ಬಿಟ್ಟು ಮಾರನೆಯ ಬೆಳಿಗ್ಗೆ ಮೊದಲ ಪರೀಕ್ಷೆ ಮಾಡಿ.